ಆಲ್ಫಾ 0.95 ಬಂತು, ಆದರೂ ಮಾಪಕ ಸಿದ್ಧವಿಲ್ಲ

ಪ್ರಶ್ನೆ: ಶಾಲಾಪೂರ್ವ ಮಕ್ಕಳ ಅಕ್ಷರ, ಎಣಿಕೆಯ ಕೌಶಲಗಳಿಗೆ ಶಿಕ್ಷಕರು ಅಂಕ ಕೊಡುವ ಇಂಗ್ಲಿಷ್ ಮಾಪಕವೊಂದನ್ನು ಟರ್ಕಿಶ್‌ಗೆ ತಂದಿದ್ದೇವೆ. ಮತ್ತೆ ಇಂಗ್ಲಿಷ್‌ಗೆ ಅನುವಾದಿಸಿ ನೋಡಿದಾಗ ಮೂಲಕ್ಕೆ ಸರಿಹೊಂದಿತು. ಆಲ್ಫಾ, ಅಂದರೆ ಮಾಪಕದ ಸಾಲುಗಳಿಗೆ ಬಿದ್ದ ಅಂಕಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ತೋರಿಸುವ ಅಂಕಿ, 0.95. ಬಳಸಬಹುದಲ್ವಾ?

ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮರು ಅನುವಾದ ಸರಿಹೊಂದಿದರೆ ಅನುವಾದಕರಿಗೆ ಎರಡೂ ಭಾಷೆ ಬರುತ್ತದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಮಾಪಕದ ಒಂದು ಸಾಲು, ಅಂದರೆ ಶಿಕ್ಷಕರು ಅಂಕ ಕೊಡುವ ಒಂದು ಹೇಳಿಕೆ, ಇಸ್ತಾಂಬುಲ್‌ನ ಮಗುವಿನಲ್ಲೂ ಅದೇ ಕೌಶಲವನ್ನು ಅಳೆಯುತ್ತದೆ ಅಂತ ಅಲ್ಲ.

'20ರವರೆಗೆ ಎಣಿಸುತ್ತದೆ' ಎಂಬ ಸಾಲನ್ನೇ ನೋಡಿ. ಇಂಗ್ಲಿಷ್ ಮಗು 'ಇಲೆವೆನ್', 'ಟ್ವೆಲ್ವ್' ಅನ್ನು ಬಾಯಿಪಾಠ ಮಾಡಲೇಬೇಕು. ಟರ್ಕಿಶ್‌ನಲ್ಲಿ ಹತ್ತು 'ಓನ್', ಒಂದು 'ಬಿರ್', ಹನ್ನೊಂದು 'ಓನ್ ಬಿರ್'. ಈ ಜೋಡಣೆ ಹಿಡಿದ ಮಗು 19ರವರೆಗೆ ಸಲೀಸಾಗಿ ಹೋಗುತ್ತದೆ. 20ಕ್ಕೆ ಮಾತ್ರ 'ಯಿರ್ಮಿ' ಎಂಬ ಹೊಸ ಪದ ಬೇಕು. ಸಾಲು ಅದೇ, ಕಷ್ಟ ಬೇರೆ.

ಅಕ್ಷರದ ಸಾಲುಗಳ ಕಥೆ ಉಲ್ಟಾ. ಟರ್ಕಿಶ್‌ನಲ್ಲಿ 29 ಅಕ್ಷರ, ಬರೆದಂತೆಯೇ ಓದು. ಆದರೆ ಅಲ್ಲಿನ 2013ರ ಶಾಲಾಪೂರ್ವ ಪಠ್ಯಕ್ರಮದಲ್ಲಿ ಓದು-ಬರಹದ ಪಾಠವಿರಲಿಲ್ಲ, ಅದು ಒಂದನೇ ತರಗತಿಯ ಕೆಲಸ. ಹಾಗಾಗಿ 'ಅಕ್ಷರಗಳ ಹೆಸರು ಹೇಳುತ್ತದೆ' ಎಂಬಲ್ಲಿ 1 ಅಂಕ ಬಿದ್ದರೆ ಮಗು ಹಿಂದುಳಿದಿದೆ ಅಂತಲ್ಲ, ಯಾರೂ ಕಲಿಸಿಲ್ಲ ಅಂತ. ಶಿಕ್ಷಕಿಗೂ ಅದನ್ನು ನೋಡುವ ಸಂದರ್ಭ ಕಡಿಮೆ. ಕೊನೆಗೆ ಊಹಿಸಿ ಗುರುತು ಹಾಕುತ್ತಾರೆ. 'ಕೊಟ್ಟ ಅಕ್ಷರದಿಂದ ಶುರುವಾಗುವ ಪದ ಹೇಳುತ್ತದೆ' ಅಂತ ಕೇಳುವವರು ಇನ್ನೊಂದು ತಿಳಿದಿರಲಿ: 'ಯುಮುಶಾಕ್ ಗೆ' ಎಂಬ ಅಕ್ಷರದಿಂದ ಟರ್ಕಿಶ್‌ನ ಯಾವ ಪದವೂ ಶುರುವಾಗುವುದಿಲ್ಲ.

ಇನ್ನು ಆಲ್ಫಾ. ದಣಿದ ಶಿಕ್ಷಕಿ ಸಂಜೆ ಕೂತು, ಜಾಣ ಮಗು ಅನಿಸಿದವರಿಗೆ ಮೇಲಿಂದ ಕೆಳಗೆ 5, 5, 5 ಅಂತ ಹಾಕಿದರೂ ಆಲ್ಫಾ ಏರುತ್ತದೆ. ಅದು ಉತ್ತರಗಳು ಒಂದಕ್ಕೊಂದು ಹೊಂದಿಕೊಂಡಿವೆ ಅನ್ನುತ್ತದೆ, ನಿಜ ಅನ್ನುವುದಿಲ್ಲ. ಅಂಕಿಯೊಂದನ್ನು ತೋರಿಸಿ 'ಮಾನ್ಯತೆ (ಅಳೆಯಬೇಕಾದ್ದನ್ನೇ ಅಳೆಯುವ ಗುಣ) ಸಾಬೀತಾಗಿದೆ' ಅಂತ ಬರೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅದರ ಮೇಲೆ ಮಕ್ಕಳ ಹಣೆಗೆ ಪಟ್ಟಿ ಅಂಟುತ್ತದೆ.

ನೀವು ಮಾಡಬೇಕಾದ್ದು ಇಷ್ಟು. ಶಿಕ್ಷಕರ ಪಕ್ಕ ಕೂತು, ಪ್ರತಿ ಸಾಲು ಓದಿದಾಗ ಯಾವ ಮಗು, ಯಾವ ಸಂದರ್ಭ ನೆನಪಾಯಿತು ಅಂತ ಕೇಳಿ. ಏನೂ ನೆನಪಾಗದಿದ್ದರೆ ಆ ಸಾಲನ್ನು ಬದಲಿಸಿ. ಒಂದಷ್ಟು ಮಕ್ಕಳನ್ನು ನೇರವಾಗಿ ಪರೀಕ್ಷಿಸಿ, ಶಿಕ್ಷಕರ ಅಂಕದ ಜೊತೆ ಹೋಲಿಸಿ. ಮೂಲದ ಅಂಶರಚನೆ, ಅಂದರೆ ಯಾವ ಸಾಲುಗಳು ಒಂದು ಗುಂಪಾಗಿ ಒಂದೇ ಕೌಶಲವನ್ನು ಅಳೆಯುತ್ತವೆ ಎಂಬ ವಿನ್ಯಾಸ, ಇಲ್ಲೂ ನಿಲ್ಲುತ್ತದೆಯೇ ನೋಡಿ. ಮೂಲದ ಕಟ್‌ಆಫ್ ಅಂಕಗಳನ್ನು, ಅಂದರೆ ಇಷ್ಟಕ್ಕಿಂತ ಕಡಿಮೆ ಬಿದ್ದರೆ ಮಗು ಹಿಂದುಳಿದಿದೆ ಅನ್ನುವ ಗಡಿಗಳನ್ನು, ಮಾತ್ರ ಇಲ್ಲಿ ಬಳಸಲೇಬೇಡಿ.

ಪ್ರಶ್ನೆ: 200 ಮಕ್ಕಳು ಸಾಕಾ?

ಶಿಕ್ಷಕರು ಎಷ್ಟು ಜನ? ಹತ್ತೇ ಜನ 20-20 ನಮೂನೆ ತುಂಬಿದರೆ ಅವು 200 ಸ್ವತಂತ್ರ ಅಭಿಪ್ರಾಯಗಳಲ್ಲ.

ಪ್ರಶ್ನೆ: ಈ ಅಂಕ ನೋಡಿ ಶಾಲಾ ಪ್ರವೇಶ ನಿರ್ಧರಿಸಬಹುದಾ?

ಖಂಡಿತ ಇಲ್ಲ. ಹಾಗೆ ಹೇಳಿ ದುಡ್ಡು ಕೇಳುವವರಿಂದ ದೂರವಿರಿ.

ಪ್ರಶ್ನೆ: ಟರ್ಕಿಶ್ ರೂಪದಿಂದಲೇ ಕನ್ನಡಕ್ಕೆ ತರಬಹುದಾ?

ಮೂಲಕ್ಕೇ ಹೋಗಿ. ಮೊದಲು ಮೂಲ ಲೇಖಕರ ಅನುಮತಿ ಪಡೆಯಿರಿ.