ಆ ‘ಬಿ’ ತಿರುಗಿರುವುದು ಅಚ್ಚಿನ ತಪ್ಪಲ್ಲ

ಪತ್ರ: ಕಳೆದ ಸಂಚಿಕೆಯಲ್ಲಿ ಸ್ವೀಡನ್ನಿನ ‘ಅಬ್ಬಾ’ (ABBA) ಹಾಡುಗಾರರ ಲೇಖನದ ಜೊತೆ ಅಚ್ಚಾದ ಲಾಂಛನದಲ್ಲಿ ಮೊದಲ ‘ಬಿ’ ಹಿಂದುಮುಂದಾಗಿತ್ತು. ಪ್ರೂಫ್ ನೋಡುವವರಿಲ್ಲವೇ? ಅಂಥ ತಂಡಕ್ಕೆ ಉದ್ಗಾರದಂಥ ಹೆಸರಾದರೂ ಏಕೆ?
— ಓದುಗರೊಬ್ಬರು, ಧಾರವಾಡ

ಉತ್ತರ: ಮಾನ್ಯರೇ, ಪ್ರೂಫ್ ನೋಡಿದ್ದೇವೆ. ಆ ಅಕ್ಷರವನ್ನು ನೇರ ಮಾಡಿದ್ದರೆ ಅದೇ ತಪ್ಪಾಗುತ್ತಿತ್ತು.

ಮೊದಲು ಹೆಸರಿನ ಮಾತು. 1973ರಲ್ಲಿ ‘ರಿಂಗ್ ರಿಂಗ್’ ಹಾಡು ಬಂದಾಗ ತಂಡಕ್ಕೆ ಹೆಸರೇ ಇರಲಿಲ್ಲ. ನಾಲ್ವರ ಹೆಸರನ್ನೂ ಸಾಲಾಗಿ ಬರೆಯುತ್ತಿದ್ದರು. ಹೇಳುವವರಿಗೂ ಭಾರ, ಕೇಳುವವರಿಗೂ ಭಾರ. ಮ್ಯಾನೇಜರ್ ಸ್ಟಿಗ್ ಆಂಡರ್ಸನ್ ಬೇಸತ್ತು ಅಗ್ನೆತಾ, ಬ್ಯೋರ್ನ್, ಬೆನ್ನಿ, ಆನಿ-ಫ್ರಿಡ್ ಎಂಬುವುಗಳ ಮೊದಲಕ್ಷರ ಕೂಡಿಸಿ ‘ಅಬ್ಬಾ’ ಎನ್ನತೊಡಗಿದರು. ಆಗ ಅದು ಬರೀ ತಮಾಷೆ. ಏಕೆಂದರೆ ಸ್ವೀಡನ್ನಿನಲ್ಲಿ ಅಬ್ಬಾ ಎಂದರೆ ಡಬ್ಬಿ ಮೀನಿನ ಕಂಪನಿ. ನಮ್ಮಲ್ಲಿ ಗಾಯಕರ ತಂಡಕ್ಕೆ ಮನೆಮನೆಯ ಉಪ್ಪಿನಕಾಯಿಯ ಹೆಸರಿಟ್ಟಂತೆ. ಕಂಪನಿಯ ಒಪ್ಪಿಗೆ ಕೇಳಿದಾಗ, ತಮಗೆ ನಾಚಿಕೆ ತರುವ ಕೆಲಸ ಮಾಡದಿದ್ದರೆ ಸಾಕು ಎಂಬರ್ಥದ ಉತ್ತರ ಬಂತು. 1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ನಡೆದ, ಯೂರೋಪಿನ ದೇಶಗಳ ‘ಯೂರೋವಿಷನ್’ ಹಾಡಿನ ಸ್ಪರ್ಧೆಯಲ್ಲಿ ಇವರ ಹಾಡು ‘ವಾಟರ್‌ಲೂ’ ಗೆದ್ದ ಮೇಲೆ ಹೆಸರು ಊರೂರು ಸುತ್ತಿತು. ಮೀನಿನ ಶ್ಲೇಷೆ ಮಾತ್ರ ಸ್ವೀಡನ್ನಿನ ಗಡಿ ದಾಟಲಿಲ್ಲ. ಹೊರಗಿನವರಿಗೆ ಅದು ಹಿಂದಿನಿಂದ ಓದಿದರೂ ಹಾಗೇ ಇರುವ ನಾಲ್ಕಕ್ಷರ, ಅಷ್ಟೆ.

ಆ ನಾಲ್ಕಕ್ಷರಕ್ಕೆ 1976ರಲ್ಲಿ ಜೀವ ಕೊಟ್ಟವರು ವಿನ್ಯಾಸಕಾರ ರೂನೆ ಸೋಡರ್‌ಕ್ವಿಸ್ಟ್. ‘ನ್ಯೂಸ್ ಗಾಥಿಕ್’ ಎಂಬ ಸರಳ, ದಪ್ಪ ಅಕ್ಷರಗಳನ್ನು ತೆಗೆದುಕೊಂಡು, ಮೊದಲ ‘ಬಿ’ಯ ಮುಖವನ್ನು ಎಡಕ್ಕೆ ತಿರುಗಿಸಿದರು. ‘ಡಾನ್ಸಿಂಗ್ ಕ್ವೀನ್’ ಹಾಡಿನ ತಟ್ಟೆಯೊಂದಿಗೆ ಅದು ಜನರ ಕೈಸೇರಿತು. ಈಗ ಆ ಲಾಂಛನವನ್ನು ಇನ್ನೊಮ್ಮೆ ನೋಡಿ: ಒಂದು ‘ಬಿ’ ತನ್ನ ಪಕ್ಕದ ‘ಎ’ಯತ್ತ, ಇನ್ನೊಂದು ತನ್ನ ಪಕ್ಕದ ‘ಎ’ಯತ್ತ. ಬ್ಯೋರ್ನ್ ಮತ್ತು ಅಗ್ನೆತಾ ಗಂಡಹೆಂಡಿರು, ಬೆನ್ನಿ ಮತ್ತು ಆನಿ-ಫ್ರಿಡ್ ಜೋಡಿ. ಇಷ್ಟು ಕಡಿಮೆ ಗೆರೆಯಲ್ಲಿ ಒಂದು ಸಂಸಾರದ ಕಥೆ ಹೇಳಿದ ಲಾಂಛನ ನನಗೆ ಬೇರೆ ಗೊತ್ತಿಲ್ಲ. 1980, 81ರಲ್ಲಿ ಎರಡೂ ಮದುವೆ ಮುರಿದವು. ಅಕ್ಷರಗಳು ಮಾತ್ರ ಮುಖ ತಿರುಗಿಸಿಕೊಳ್ಳಲಿಲ್ಲ. ಆ ಬಳಿಕ ಅದನ್ನು ನೋಡಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ.

ಹಾಡುಗಳ ಹಕ್ಕು ಪಾಲಿಗ್ರಾಂ ಕಂಪನಿಗೆ ಹೋದಾಗ ಲಾಂಛನಕ್ಕೂ ಕೈ ಹಾಕಿದರು. ಫಾಂಟ್ ಬದಲಾಯಿತು, 1992ರ ‘ಅಬ್ಬಾ ಗೋಲ್ಡ್’ ಸಂಕಲನದಲ್ಲಿ ಕಿರೀಟವೂ ಸೇರಿಕೊಂಡಿತು. ಬೇಡವಾದ ಅಲಂಕಾರವದು. ಪಾಲಿಗ್ರಾಂ ಅನ್ನು ಯೂನಿವರ್ಸಲ್ ಕೊಂಡ ಮೇಲೆ ಮೂಲ ರೂಪ ಮರಳಿತು. ಹಿಂದಿನ ಆಲ್ಬಂ ಬಂದ ನಲವತ್ತು ವರ್ಷಗಳ ನಂತರ, 2021ರಲ್ಲಿ ನಾಲ್ವರೂ ಹೊಸ ಆಲ್ಬಂ ತಂದಾಗಲೂ ಆ ‘ಬಿ’ ಎಡಕ್ಕೇ ನೋಡುತ್ತಿತ್ತು.

ನಮ್ಮ ಉದ್ಗಾರಕ್ಕೂ ಈ ಹೆಸರಿಗೂ ನಂಟಿಲ್ಲ, ದನಿ ಒಂದೇ ಆಗಿದೆಯಷ್ಟೆ. ಕನ್ನಡದಲ್ಲಿ ಬರೆದರೆ ಒಂದು ‘ಬ’ಕಾರ ಇನ್ನೊಂದರ ಕಾಲಡಿಗೆ ಒತ್ತಾಗಿ ಕೂರುತ್ತದೆ, ಮುಖ ತಿರುಗಿಸಲು ಜಾಗವಿಲ್ಲ. ಅದಕ್ಕೇ ಬರಹದಲ್ಲಿ ‘ಅಬ್ಬಾ’ ಎಂದಿಟ್ಟು, ಲಾಂಛನವನ್ನು ರೋಮನ್ ಲಿಪಿಯಲ್ಲೇ ಅಚ್ಚು ಹಾಕಿದೆವು.

— ಸಂ.