ಓಪನ್ ಇರುವ ಜಿಒಎಸ್ ದಾಟಿ ಟ್ರೇಸ್ ಯಾಕೆ ಹೋಗುತ್ತೆ? 11 ಕೆವಿ ನಕ್ಷೆಯಲ್ಲಿ ಸ್ವಿಚ್, ಫ್ಯೂಸ್ ಕೂರಿಸುವ ಬಗೆ

ನೀವು ಕೇಳಿರುವುದು ಎರಡು ಸಂಗತಿ. ಕ್ಯೂಜಿಐಎಸ್ (ನಕ್ಷೆ ತಂತ್ರಾಂಶ) ಮತ್ತು ಪೋಸ್ಟ್‌ಜಿಐಎಸ್‌ನಲ್ಲಿ (ನಕ್ಷೆಯ ಡೇಟಾಬೇಸ್) 11 ಕೆವಿ ಫೀಡರ್ ನಕ್ಷೆ ಮಾಡಿ, ಜಿಒಎಸ್‌ಗಳನ್ನು (ಮೂರೂ ಫೇಸನ್ನು ಒಟ್ಟಿಗೆ ತೆರೆದು ಮುಚ್ಚುವ ಲೈನ್ ಸ್ವಿಚ್) ಪಾಯಿಂಟ್ ಲೇಯರಿನಲ್ಲಿ ಇಟ್ಟಿದ್ದೀರಿ; ‘ಓಪನ್’ ಎಂದು ಬರೆದರೂ ಪಿಜಿರೂಟಿಂಗ್ (ಪೋಸ್ಟ್‌ಜಿಐಎಸ್‌ಗೆ ದಾರಿ ಹುಡುಕುವ ಸೇರ್ಪಡೆ) ಮಾಡುವ ಟ್ರೇಸ್, ಅಂದರೆ ವಿದ್ಯುತ್ ಹರಿಯುವ ದಾರಿಯ ಹುಡುಕಾಟ, ಅದನ್ನು ದಾಟಿ ಪಕ್ಕದ ಫೀಡರಿಗೆ ನುಗ್ಗುತ್ತಿದೆ. ಎರಡನೆಯದು, ಟಿಸಿ (ವಿತರಣಾ ಟ್ರಾನ್ಸ್‌ಫಾರ್ಮರ್) ಮೇಲಿನ ಮೂರು ಎಚ್‌ಜಿ (ಹಾರ್ನ್ ಗ್ಯಾಪ್) ಫ್ಯೂಸಿಗೆ ಮೂರು ದಾಖಲೆ ಬೇಕೋ, ಒಂದು ಸಾಕೋ.

ಸ್ವಿಚ್ಚಿಗೆ ಎರಡು ತುದಿ ಇವೆ, ನಕ್ಷೆಯಲ್ಲೂ ಎರಡು ತುದಿ ಕೊಡಿ. ನಿಮ್ಮ ಪಾಯಿಂಟ್ ಲೈನಿನ ಮೇಲೆ ಸುಮ್ಮನೆ ಕೂತಿದೆ. ಪಿಜಿರೂಟಿಂಗ್ ನೋಡುವುದು ಗೆರೆಗಳನ್ನು ಮಾತ್ರ, ಅದರ ಪಾಲಿಗೆ ಅಲ್ಲಿ ತಂತಿ ಒಂದೇ ಸಮನೆ ಇದೆ. ವಿದ್ಯುತ್ ಜಾಲದ ಡೇಟಾಗೆಂದು ಇರುವ ಐಇಸಿ 61970 ಮಾನದಂಡದ ಸಿಐಎಂ ಮಾದರಿಯಲ್ಲೂ ಸ್ವಿಚ್ ಎಂದರೆ ಎರಡು ಟರ್ಮಿನಲ್ ಇರುವ ಸಾಧನವೇ, ಫ್ಯೂಸ್ ಅದರದೇ ಒಂದು ಜಾತಿ. ಹಾಗಾಗಿ ಡಿಪಿ ಸ್ಟ್ರಕ್ಚರ್ (ಜೋಡಿ ಕಂಬ) ಇರುವಲ್ಲಿ ಲೈನನ್ನು ಕತ್ತರಿಸಿ, 1 ಮೀಟರ್ ಸಂದಿ ಬಿಟ್ಟು, ಆ ಸಂದಿಗೆ ಒಂದು ಪುಟ್ಟ ಗೆರೆ ಎಳೆಯಿರಿ. ಅದೇ ನಿಮ್ಮ ಜಿಒಎಸ್. ನೋಡಲು ಪಾಯಿಂಟಿನಂತೆಯೇ ಬೇಕೆಂದರೆ ಕ್ಯೂಜಿಐಎಸ್‌ನ ಮಾರ್ಕರ್ ಲೈನ್ ಸಿಂಬಲ್ ತೆಗೆದುಕೊಂಡು ಗೆರೆಯ ನಟ್ಟನಡುವೆ ಚಿಹ್ನೆ ಇಡಿ.

ಸ್ವಿಚ್ ಓಪನ್ ಆದಾಗ ಆ ಗೆರೆಯ ಕಾಸ್ಟ್ (ಎಳೆದ ದಿಕ್ಕಿನಲ್ಲಿ ಗೆರೆ ದಾಟುವ ವೆಚ್ಚ) ಮತ್ತು ರಿವರ್ಸ್ ಕಾಸ್ಟ್ (ಎದುರು ದಿಕ್ಕಿನದು) ಎರಡನ್ನೂ -1 ಮಾಡಿ. ಋಣ ಸಂಖ್ಯೆ ಇದ್ದರೆ ಆ ದಿಕ್ಕಿನ ಗೆರೆಯೇ ಇಲ್ಲವೆಂದು ಪಿಜಿರೂಟಿಂಗ್ ಲೆಕ್ಕ ಹಾಕುತ್ತದೆ. ಸೊನ್ನೆ ಹಾಕಿದರೆ ಸಲೀಸಾಗಿ ದಾಟಿಬಿಡುತ್ತದೆ. 999999 ಹಾಕುವವರೂ ಇದ್ದಾರೆ. ಅದು ದುಬಾರಿ ದಾರಿಯಷ್ಟೇ, ಮುಚ್ಚಿದ ದಾರಿಯಾಗುವುದಿಲ್ಲ. ಒಂದು ಕಡೆ ಮಾತ್ರ -1 ಹಾಕಿದರೆ ಆ ಬದಿಯಿಂದ ಟ್ರೇಸ್ ನಿಲ್ಲುತ್ತದೆ, ಎದುರಿನ ಫೀಡರಿಂದ ಶುರು ಮಾಡಿದಾಗ ಸೋರುತ್ತದೆ.

ಇಷ್ಟಾದ ಮೇಲೂ ಸೋರಿದರೆ ಟಾಲರೆನ್ಸ್ (ಎಷ್ಟು ಹತ್ತಿರದ ತುದಿಗಳನ್ನು ಒಂದೇ ಎಂದು ಕೂಡಿಸಬೇಕೆಂಬ ಅಳತೆ) ನೋಡಿ. ಸ್ವಿಚ್ 1 ಮೀಟರ್, ಟಾಲರೆನ್ಸ್ 2 ಮೀಟರ್ ಆದರೆ ಎರಡೂ ತುದಿ ಒಂದೇ ನೋಡ್ ಆಗಿ ಸ್ವಿಚ್ಚೇ ಮಾಯ. 0.1 ಮೀಟರ್ ಸಾಕು. ಡೇಟಾ ಇನ್ನೂ ಅಕ್ಷಾಂಶ-ರೇಖಾಂಶದಲ್ಲೇ ಇದ್ದರೆ ಟಾಲರೆನ್ಸ್ ಡಿಗ್ರಿಯಲ್ಲಿರುತ್ತದೆ, 0.00001 ಡಿಗ್ರಿ ಎಂದರೇ ಸುಮಾರು 1.1 ಮೀಟರ್, ಮೊದಲು ಮೀಟರ್ ಲೆಕ್ಕದ ನಿರ್ದೇಶಾಂಕ ಪದ್ಧತಿಯಾದ ಯುಟಿಎಂ 43ಎನ್‌ಗೆ ಬದಲಿಸಿಕೊಳ್ಳಿ. (ಕೋಲಾರದ ಕಡೆ ರೇಖಾಂಶ 78 ದಾಟುತ್ತದೆ, ಲೆಕ್ಕಕ್ಕೆ ಅದು 44ನೇ ವಲಯ. ಆದರೂ ಎಲ್ಲವನ್ನೂ 43ರಲ್ಲೇ ಇಡಿ, ಒಂದು ಫೀಡರನ್ನು ಎರಡು ವಲಯಕ್ಕೆ ಸೀಳಬೇಡಿ.) ಇನ್ನೊಂದು ಕಾರಣ, ಹಳೆಯ ಲೈನನ್ನು ಕತ್ತರಿಸದೆ ಅದರ ಮೇಲೇ ಸ್ವಿಚ್ ಗೆರೆ ಎಳೆದಿರುವುದು, ಆಗ ಸ್ವಿಚ್ಚಿನ ಪಕ್ಕದಲ್ಲೇ ಇನ್ನೊಂದು ದಾರಿ ಉಳಿದಿರುತ್ತದೆ. ಸ್ವಿಚ್ಚಿನ ಎರಡೂ ತುದಿಗೆ 5 ಸೆಂ.ಮೀ. ಒಳಗೆ ಹಾದುಹೋಗುವ ಒಂದೇ ಲೈನ್ ಯಾವುದಾದರೂ ಇದೆಯೇ ಎಂದು ಕ್ವೆರಿ ಹಾಕಿದರೆ ಸಿಕ್ಕಿಬೀಳುತ್ತದೆ.

ಈಗ ಫ್ಯೂಸ್. ಜಿಒಎಸ್‌ನ ಮೂರು ಬ್ಲೇಡನ್ನೂ ಒಂದೇ ಹ್ಯಾಂಡಲ್ ಎಳೆಯುತ್ತದೆ, ಅದಕ್ಕೆ ಒಂದೇ ಸ್ಥಿತಿ. ಎಚ್‌ಜಿ ಫ್ಯೂಸ್ ಫೇಸಿಗೊಂದರಂತೆ ಬೇರೆಬೇರೆಯಾಗಿ ಸುಡುತ್ತದೆ, ಅದಕ್ಕೆ ಮೂರು ಸ್ಥಿತಿ. ಹಾಗೆಂದು ಮೂರು ಸಮಾಂತರ ಗೆರೆ ಎಳೆಯಬೇಡಿ: ಒಂದು ಓಪನ್ ಆದರೂ ಟ್ರೇಸ್ ಉಳಿದೆರಡರಲ್ಲಿ ಹೋಗುತ್ತದೆ, ಯಾವ ಫೇಸ್ ಹೋಯಿತೆಂದು ಹೇಳುವುದೇ ಇಲ್ಲ. ಗೆರೆ ಒಂದೇ ಇರಲಿ, ಅದಕ್ಕೊಂದು ಫೇಸ್ ಸಂಖ್ಯೆ ಕೊಡಿ: ಆರ್ 4, ವೈ 2, ಬಿ 1. ಮೂರೂ ಸರಿಯಿದ್ದರೆ 7, ಬಿ ಸುಟ್ಟರೆ 6. ಟ್ರೇಸನ್ನು ಫೇಸಿಗೊಮ್ಮೆಯಂತೆ ಮೂರು ಸಲ ಓಡಿಸಿ, ಪ್ರತಿ ಸಲ ಆ ಫೇಸಿನ ಬಿಟ್ (ಸಂಖ್ಯೆಯಲ್ಲಿ ಅದರ ಪಾಲು) ಇರುವ ಗೆರೆಗಳನ್ನಷ್ಟೇ ಒಳಗೆ ಬಿಡಿ. ಒಂದೊಂದು ಫ್ಯೂಸಿನ ವಿವರ ಮಗ್ಗುಲಿನ ಟೇಬಲಿನಲ್ಲಿ ಮೂರು ಸಾಲಾಗಿ ಇರಲಿ.

ಈ ಲೆಕ್ಕವನ್ನು ಟಿಸಿ ದಾಟಿಸಿ ಎಲ್‌ಟಿಗೆ (ಕಡಿಮೆ ವೋಲ್ಟೇಜ್ ಬದಿ) ಒಯ್ಯಬೇಡಿ. ನಮ್ಮ 11 ಕೆವಿ/433 ವೋಲ್ಟ್ ಟಿಸಿಗಳು ಡಿವೈಎನ್11 (11 ಕೆವಿ ಬದಿ ಡೆಲ್ಟಾ, ಎಲ್‌ಟಿ ಬದಿ ಸ್ಟಾರ್ ಜೋಡಣೆ); ಎಚ್‌ಟಿಯಲ್ಲಿ (11 ಕೆವಿ ಬದಿ) ಒಂದು ಫ್ಯೂಸ್ ಹೋದರೆ ಎಲ್‌ಟಿಯಲ್ಲಿ ಒಂದು ಫೇಸ್ ಸತ್ತು ಎರಡು ಉಳಿಯುತ್ತವೆ ಎಂಬುದು ತಪ್ಪು. ಡೆಲ್ಟಾದ ಒಂದು ವೈಂಡಿಂಗಿಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಮಿಕ್ಕೆರಡು ಸರಣಿಯಾಗಿ ಅದನ್ನೇ ಹಂಚಿಕೊಳ್ಳುತ್ತವೆ. ಅಂದರೆ ಒಂದು ಫೇಸ್ ಸರಿ, ಎರಡು ಫೇಸಿನಲ್ಲಿ ಲೋಡ್ ಸಮವಾಗಿದ್ದರೆ ಸುಮಾರು ಅರ್ಧ ವೋಲ್ಟೇಜ್. ಟಿಸಿ ಗೆರೆಯಲ್ಲಿ ಇದಕ್ಕೆ ಪ್ರತ್ಯೇಕ ನಿಯಮ ಬರೆಯಬೇಕು.

ಫ್ಯೂಸಿನ ಆಂಪಿಯರ್ ತುಂಬುವಾಗಲೂ ಎಚ್ಚರ. ಡಿಒ (ಡ್ರಾಪ್ ಔಟ್) ಫ್ಯೂಸ್ ಕಟೌಟಿನ ಮೈಮೇಲೆ 100 ಎ ಎಂದಿದ್ದರೆ ಅದು ಹೋಲ್ಡರಿನದು, ಒಳಗೆ ಸುಡುವ ಲಿಂಕಿನದಲ್ಲ. 100 ಕೆವಿಎ ಟಿಸಿ 11 ಕೆವಿಯಲ್ಲಿ ಎಳೆಯುವುದೇ 5.25 ಎ, 63 ಕೆವಿಎ 3.3 ಎ, 25 ಕೆವಿಎ 1.3 ಎ. ಎಚ್‌ಜಿಯಲ್ಲಿ ಲಿಂಕ್ ಇರುವುದಿಲ್ಲ, ತಂತಿಯ ಗೇಜ್ ಬರೆಯಿರಿ. ಜಾಗದಲ್ಲಿ ಫ್ಯೂಸ್ ಬದಲು ದಪ್ಪ ತಂತಿ ಸುತ್ತಿದ್ದರೆ ದಾಖಲೆ ಅಳಿಸದೆ ವಿಧದ ಕಾಲಂನಲ್ಲಿ ‘ನೇರ ತಂತಿ’ ಎನ್ನಿ. ಕೆಟ್ಟ ಜಿಒಎಸ್‌ಗೆ ಜಂಪ್ ಹಾಕಿ ಬೈಪಾಸ್ ಮಾಡಿದ್ದರೆ ಜಂಪ್ ಎಂಬ ಪ್ರತ್ಯೇಕ ಗೆರೆಯನ್ನೇ ಎಳೆಯಿರಿ. ಇಲ್ಲದಿದ್ದರೆ ನಕ್ಷೆ ಓಪನ್ ಎನ್ನುವಲ್ಲಿ ಲೈನ್ ಜೀವಂತ ಇರುತ್ತದೆ, ಎಲ್‌ಸಿ (ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ತೆಗೆದುಕೊಂಡು ಕಂಬ ಹತ್ತುವವನಿಗೆ ಅದು ಗೊತ್ತಿರುವುದಿಲ್ಲ.

ಮಾಮೂಲಿ ಸ್ಥಿತಿಗೂ ಈಗಿನ ಸ್ಥಿತಿಗೂ ಬೇರೆ ಕಾಲಂ ಇಡಿ. ಯಾವ ಟಿಸಿ ಯಾವ ಫೀಡರಿಗೆ ಸೇರಿದ್ದು ಎಂಬುದು ಮಾಮೂಲಿ ಸ್ಥಿತಿಯಿಂದಲೇ ಬರಬೇಕು.

ಕೊನೆಗೊಂದು ಪರೀಕ್ಷೆ. ಮಾಮೂಲಿ ಸ್ಥಿತಿಯಲ್ಲಿ, ಸಬ್‌ಸ್ಟೇಷನ್ನಿನ ಎಲ್ಲ ಫೀಡರ್ ಬ್ರೇಕರನ್ನೂ ಓಪನ್ ಎಂದಿಟ್ಟು ಪಿಜಿರೂಟಿಂಗ್‌ನ ಕನೆಕ್ಟೆಡ್ ಕಾಂಪೊನೆಂಟ್ಸ್ (ಒಂದಕ್ಕೊಂದು ಕೂಡಿರುವ ಗೆರೆಗಳನ್ನು ತುಂಡುತುಂಡಾಗಿ ವಿಂಗಡಿಸುವ ಫಂಕ್ಷನ್) ಓಡಿಸಿ. ಬಸ್‌ಬಾರ್ ತುಂಡನ್ನು ಬಿಟ್ಟರೆ ಪ್ರತಿ ತುಂಡೂ ಒಂದೇ ಒಂದು ಬ್ರೇಕರಿನ ಹೊರತುದಿಗೆ ತಾಗಿರಬೇಕು. ಎರಡಕ್ಕೆ ತಾಗಿದ್ದರೆ ಎಲ್ಲೋ ಸೋರಿಕೆ, ಒಂದಕ್ಕೂ ತಾಗದಿದ್ದರೆ ಎಲ್ಲೋ ಲೈನಿನ ತುದಿ ಪಕ್ಕದ ಲೈನಿಗೆ ಕೂಡಿಲ್ಲ (ಸ್ನ್ಯಾಪ್ ಆಗಿಲ್ಲ).