ನಿಧಾನ ಸವಾರಿ: ಸೈಕಲ್ ಪ್ರವಾಸದ ಬಗ್ಗೆ ಓದುಗರು ಕೇಳಿದ್ದು

ಪ್ರಶ್ನೆ: ನಗರದಿಂದ ಹೊರಟು ಹೊಲಗಳ ನಡುವಿನ ದಾರಿ ಹಿಡಿದು ಸಂರಕ್ಷಿತ ಕಾಡಿನ ಅಂಚಿನವರೆಗೆ ಹೋಗಿ, ಸಂಜೆಯೊಳಗೆ ಮನೆ ಸೇರುವ ಆಸೆ. ಮೊದಲ ಸಲಕ್ಕೆ ಎಷ್ಟು ದೂರ ಇಟ್ಟುಕೊಳ್ಳಲಿ? ಗೇರ್ ಸೈಕಲ್ಲೇ ಬೇಕೆ?

ಉತ್ತರ: ದೂರಕ್ಕಿಂತ ಮೊದಲು ಹಗಲನ್ನು ಲೆಕ್ಕ ಹಾಕಿ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಆರಾಮವಾಗಿ ತುಳಿದರೂ ಗಂಟೆಗೆ 15 ಕಿ.ಮೀ. ಸಾಗುತ್ತದೆ. ಮಣ್ಣಿನ ದಾರಿಗೆ ಇಳಿದರೆ ಅದು 8–10ಕ್ಕೆ ಬರುತ್ತದೆ. ಹಕ್ಕಿ ನೋಡಲು, ನೀರು ಕುಡಿಯಲು, ದಾರಿ ಕೇಳಲು ನಿಲ್ಲುವುದನ್ನೂ ಸೇರಿಸಿಕೊಂಡರೆ ದಿನದ ಸರಾಸರಿ ಗಂಟೆಗೆ 10 ಎಂದೇ ಹಿಡಿಯಿರಿ. ಮೊದಲ ಸಲಕ್ಕೆ ಹೋಗಿಬರುವುದು ಸೇರಿ 40 ಕಿ.ಮೀ. ಸಾಕು. ಹೊರಡುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ ಇರುವ ದಿಕ್ಕನ್ನು ಆರಿಸಿಕೊಳ್ಳಿ. ದಣಿದ ಕಾಲಿಗೆ ಎದುರುಗಾಳಿ ಏರುದಾರಿಯಷ್ಟೇ ಕಠಿಣ, ಏರಾದರೆ ಒಂದು ಕಡೆ ಮುಗಿಯುತ್ತದೆ, ಗಾಳಿ ಮನೆವರೆಗೂ ಬಿಡುವುದಿಲ್ಲ.

ಗೇರ್ ಎಷ್ಟಿವೆ ಎನ್ನುವುದಕ್ಕಿಂತ ಅತ್ಯಂತ ಹಗುರವಾದ ಗೇರ್ ಯಾವುದು ಎಂದು ನೋಡಿ. ಮುಂದಿನ ಚಿಕ್ಕ ಚಕ್ರದ ಹಲ್ಲುಗಳನ್ನೂ ಹಿಂದಿನ ದೊಡ್ಡ ಚಕ್ರದ ಹಲ್ಲುಗಳನ್ನೂ ಎಣಿಸಿ. ಮುಂದೆ 32, ಹಿಂದೆ 34 ಇದ್ದರೆ ಒಂದು ಸುತ್ತು ಪೆಡಲ್ ತುಳಿದಾಗ ಸೈಕಲ್ ಸುಮಾರು 2 ಮೀಟರ್ ಸಾಗುತ್ತದೆ. ಸಾಮಾನು ಹೊತ್ತ ಸೈಕಲನ್ನೂ ಏರಿನಲ್ಲಿ ಕೂತೇ ತುಳಿಯಬಹುದು. ಮುಂದೆ 38, ಹಿಂದೆ 28 ಇದ್ದರೆ ಅದೇ ಸುತ್ತಿಗೆ 2.9 ಮೀಟರ್ ಆಗುತ್ತದೆ. ಆಗ ಪ್ರತಿ ಏರಿನಲ್ಲೂ ಎದ್ದುನಿಂತು ತುಳಿಯಬೇಕು, ಇಲ್ಲವೇ ಇಳಿದು ತಳ್ಳಬೇಕು. ದಾರಿ ಪೂರ್ತಿ ಸಮತಟ್ಟಾಗಿದ್ದರೆ ಗೇರ್ ಇಲ್ಲದ ಸೈಕಲ್ಲೂ ನಡೆಯುತ್ತದೆ.

ಪ್ರಶ್ನೆ: 20 ಕಿ.ಮೀ. ದಾಟುತ್ತಿದ್ದಂತೆ ಮಂಡಿ ನೋಯುತ್ತದೆ, ಕಿರುಬೆರಳು ಜೋಮು ಹಿಡಿಯುತ್ತದೆ. ಮೆತ್ತನೆಯ ಸೀಟು ಹಾಕಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ಮಂಡಿಯ ಯಾವ ಭಾಗ ನೋಯುತ್ತದೆ ಎಂದು ಗಮನಿಸಿ. ಮುಂಭಾಗ ನೋಯುತ್ತಿದ್ದರೆ ಹೆಚ್ಚಿನ ಪಾಲು ಸೀಟು ತಗ್ಗಿದೆ, ಅಥವಾ ಭಾರದ ಗೇರಿನಲ್ಲಿ ತುಳಿಯುತ್ತಿದ್ದೀರಿ. ಹಿಂಭಾಗದಲ್ಲಿ ಸೆಳೆತವಿದ್ದರೆ ಸೀಟು ಎತ್ತರವಾಗಿದೆ. ಗೋಡೆಗೆ ಕೈ ಊರಿ ಸೀಟಿನ ಮೇಲೆ ಕೂತು, ಪೆಡಲನ್ನು ಅತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ಆ ಕಡೆಗೆ ವಾಲಬಾರದು. ಇದೇ ಎತ್ತರದಲ್ಲಿ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮಂಡಿ ತುಸು ಬಾಗಿರುತ್ತದೆ, ಬೇಕಾದದ್ದು ಅಷ್ಟೇ ಬಾಗು. ಎತ್ತರ ಬದಲಿಸುವಾಗ ಒಂದು ಸಲಕ್ಕೆ 3–5 ಮಿ.ಮೀ. ಮೀರಬೇಡಿ. ಹಳೆಯ ಎತ್ತರದ ಗುರುತಿಗೆ ಸೀಟಿನ ಕೊಳವೆಗೆ ಟೇಪು ಸುತ್ತಿಟ್ಟು, ಎರಡು ಸವಾರಿ ಆದಮೇಲೆ ಮತ್ತೆ ನೋಡಿ. ತುಳಿತ ನಿಮಿಷಕ್ಕೆ 70–80 ಸುತ್ತು ಇರಲಿ.

ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುವುದು ಅಂಗೈಯ ಹೊರಬದಿಯಲ್ಲಿ ಹಾದುಹೋಗುವ ನರ ಒತ್ತಿಕೊಳ್ಳುವುದರಿಂದ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ದೇಹ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಸೀಟನ್ನು ಮಟ್ಟಸ ಮಾಡಿ, ಹ್ಯಾಂಡಲನ್ನು ಸೀಟಿನ ಎತ್ತರಕ್ಕೆ ತನ್ನಿ, ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಸವಾರಿ ಮುಗಿದು ಮರುದಿನವೂ ಜೋಮು ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಮೆತ್ತನೆಯ ಸೀಟು ಮೊದಲ ಅರ್ಧ ಗಂಟೆ ಮಾತ್ರ ಹಿತ. ಕೂರುವ ಮೂಳೆಗಳು ಅದರೊಳಗೆ ಹೂತುಹೋಗಿ, ಅವುಗಳ ನಡುವಿನ ಮಾಂಸದ ಮೇಲೆ ಒತ್ತಡ ಬೀಳುತ್ತದೆ. ಸ್ವಲ್ಪ ಗಟ್ಟಿಯಾದ, ನಿಮ್ಮ ಮೂಳೆಗಳ ಅಗಲಕ್ಕೆ ಹೊಂದುವ ಸೀಟು ಆರಿಸಿ. ಗಟ್ಟಿ ಸ್ಟೂಲಿನ ಮೇಲೆ ರಟ್ಟಿನ ತುಂಡು ಹಾಕಿ ಒಂದು ನಿಮಿಷ ಕೂತರೆ ಎರಡು ತಗ್ಗು ಮೂಡುತ್ತವೆ. ಅವುಗಳ ನಡುವಿನ ಅಂತರಕ್ಕೆ ಸುಮಾರು 2–3 ಸೆಂ.ಮೀ. ಸೇರಿಸಿದರೆ ಸೀಟಿನ ಅಗಲ ಸಿಗುತ್ತದೆ.

ಪ್ರಶ್ನೆ: ಹೋದ ಸಲ ಪಂಚರ್ ಹಾಕಿ ಹತ್ತು ನಿಮಿಷಕ್ಕೇ ಮತ್ತೆ ಗಾಳಿ ಹೋಯಿತು. ಪ್ಯಾಚ್ ಕೆಟ್ಟದ್ದೋ, ನಾನು ಹಾಕಿದ್ದೇ ತಪ್ಪೋ?

ಉತ್ತರ: ಬಹುಶಃ ಮುಳ್ಳು ಟಯರಿನಲ್ಲೇ ಉಳಿದಿತ್ತು. ಹೊಸಬರು ಟ್ಯೂಬನ್ನು ಜೋಪಾನವಾಗಿ ನೋಡಿ ಟಯರನ್ನು ಮರೆಯುತ್ತಾರೆ. ಚಕ್ರ ಬಿಚ್ಚಿದಾಗ ಟಯರಿನ ಒಂದು ಅಂಚನ್ನು ಮಾತ್ರ ರಿಮ್ಮಿನಿಂದ ಎಬ್ಬಿಸಿ. ಟ್ಯೂಬ್ ಹೊರತೆಗೆಯುವ ಮೊದಲು ವಾಲ್ವ್ ಎದುರು ಟಯರಿನ ಮೇಲೆ ಯಾವ ಅಕ್ಷರ ಬಂದಿದೆ ಎಂದು ನೆನಪಿಟ್ಟುಕೊಳ್ಳಿ. ಟ್ಯೂಬಿಗೆ ಗಾಳಿ ಹೊಡೆದು ಕೆನ್ನೆಯ ಹತ್ತಿರ ಹಿಡಿದು ತಿರುಗಿಸಿದರೆ ತೂತಿನ ಜಾಗ ಗೊತ್ತಾಗುತ್ತದೆ. ವಾಲ್ವಿನಿಂದ ಅದು ಎಷ್ಟು ದೂರವೋ ಟಯರಿನಲ್ಲೂ ಅಷ್ಟೇ ದೂರಕ್ಕೆ ಹೋಗಿ, ಎರಡೂ ದಿಕ್ಕಿನಲ್ಲಿ ಹುಡುಕಿ. ಬರಿಬೆರಳು ಎಳೆದರೆ ಗೀರುತ್ತದೆ. ಬಟ್ಟೆಯ ಚೂರನ್ನು ಒಳಗೆ ಸವರಿ, ಅದು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಎಷ್ಟೋ ಸಲ ಮುಳ್ಳಿನ ತುದಿ ಒಳಗಿನಿಂದ ಕಪ್ಪು ಚುಕ್ಕೆಯ ಹಾಗೆ ಮಾತ್ರ ಕಾಣುತ್ತದೆ. ಟಯರನ್ನು ಹೊರಕ್ಕೆ ಬಗ್ಗಿಸಿದರೆ ತಲೆ ಎತ್ತುತ್ತದೆ, ಆಗ ಚಿಮಟದಿಂದ ಕೀಳಿ.

ತೂತಿನ ರೂಪವೂ ಕಾರಣ ಹೇಳುತ್ತದೆ. ಹೊರಮೈಯಲ್ಲಿ ಒಂದೇ ಸಣ್ಣ ತೂತಿದ್ದರೆ ಮುಳ್ಳು ಅಥವಾ ಗಾಜು. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಕಡಿಮೆಯಿತ್ತು, ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಜಜ್ಜಿದೆ. ರಿಮ್ ಕಡೆಯ ಮೈಯಲ್ಲಿ ತೂತಿದ್ದರೆ ಒಳಗಿನ ರಿಮ್ ಟೇಪು ಸರಿದು ಚಕ್ರದ ಕಡ್ಡಿಯ ತಲೆ ಚುಚ್ಚುತ್ತಿದೆ. ಟೇಪು ಸರಿಮಾಡದೆ ಎಷ್ಟು ಪ್ಯಾಚ್ ಹಾಕಿದರೂ ವ್ಯರ್ಥ.

ಪ್ಯಾಚ್ ಕಿತ್ತುಬರುವುದು ಅವಸರದಿಂದ. ಉಪ್ಪುಕಾಗದದಿಂದ ಪ್ಯಾಚಿಗಿಂತ ದೊಡ್ಡ ಜಾಗ ಉಜ್ಜಿ ಹೊಳಪು ತೆಗೆಯಿರಿ, ಅಚ್ಚಿನ ಗೆರೆ ಇದ್ದರೆ ಅದೂ ಸಮವಾಗಲಿ. ಸೊಲ್ಯೂಷನ್ ತೆಳುವಾಗಿ ಸವರಿ ಐದು ನಿಮಿಷ ಬಿಡಿ. ಒದ್ದೆ ಹೊಳಪು ಹೋಗಿ ಮಂಕಾದ ಮೇಲೆ ಪ್ಯಾಚ್ ಇಟ್ಟು, ನಡುವಿನಿಂದ ಅಂಚಿಗೆ ಗಟ್ಟಿಯಾಗಿ ಒತ್ತಿ. ಒದ್ದೆ ಇರುವಾಗಲೇ ಅಂಟಿಸಿದ್ದು ನಿಲ್ಲುವುದಿಲ್ಲ. ಟಯರ್ ಕೂರಿಸುವಾಗ ಕೊನೆಯ ಗೇಣನ್ನು ಹೆಬ್ಬೆರಳಿನಿಂದಲೇ ತಳ್ಳಿ. ಅಲ್ಲಿ ಟಯರ್ ಎಬ್ಬಿಸುವ ಲಿವರ್ ಹಾಕಿದರೆ ಹೊಸ ತೂತು ಬೀಳುತ್ತದೆ. ದಾರಿಯಲ್ಲಿ ಇಷ್ಟೆಲ್ಲ ಮಾಡುವುದಕ್ಕಿಂತ ಒಂದು ಹೊಸ ಟ್ಯೂಬ್ ಜೊತೆಗಿಟ್ಟುಕೊಂಡು ಬದಲಿಸಿ, ತೂತಾದದ್ದಕ್ಕೆ ಮನೆಯಲ್ಲಿ ಪ್ಯಾಚ್ ಹಾಕುವುದು ಲೇಸು.

ಗಾಳಿಯ ಪ್ರಮಾಣ: 35 ಮಿ.ಮೀ. ಅಗಲದ ಟಯರಿಗೆ, 70 ಕಿಲೋ ತೂಕದ ಸವಾರನಿಗೆ ಹಿಂದೆ 50, ಮುಂದೆ 45 ಪಿಎಸ್‌ಐನಿಂದ (ಗಾಳಿಯೊತ್ತಡದ ಅಳತೆ) ಶುರುಮಾಡಿ. ಕಲ್ಲುದಾರಿಗೆ 5 ಇಳಿಸಬಹುದು, ಸಾಮಾನು ಹೇರಿದರೆ ಹಿಂದೆ 5 ಏರಿಸಿ. ಟಯರಿನ ಪಕ್ಕದಲ್ಲಿ ಬರೆದ ಮಿತಿ ಮೀರಬಾರದು.

ಪ್ರಶ್ನೆ: ಸಂರಕ್ಷಿತ ಪ್ರದೇಶದೊಳಗೆ ಸೈಕಲ್ ಸದ್ದು ಮಾಡುವುದಿಲ್ಲ, ಹೊಗೆಯಿಲ್ಲ. ಆದರೂ ಯಾಕೆ ಇಷ್ಟು ಕಟ್ಟುಪಾಡು?

ಉತ್ತರ: ಸದ್ದಿಲ್ಲದಿರುವುದೇ ಒಂದು ತೊಂದರೆ. ನಡೆದು ಬರುವ ಮನುಷ್ಯನ ಹೆಜ್ಜೆಯನ್ನು ಪ್ರಾಣಿ ದೂರದಿಂದಲೇ ಕೇಳಿ ಸರಿದುಹೋಗುತ್ತದೆ. ಸೈಕಲ್ ಅದಕ್ಕಿಂತ ಮೂರು ನಾಲ್ಕು ಪಟ್ಟು ಬೇಗ, ಸುಳಿವಿಲ್ಲದೆ ತಿರುವಿನಲ್ಲಿ ಎದುರಾಗುತ್ತದೆ. ಬೆಚ್ಚಿದ ಪ್ರಾಣಿ ಓಡಬಹುದು, ಮೈಮೇಲೂ ಬರಬಹುದು. ಮುಂದೆ ಕಾಣದ ತಿರುವಿಗೆ ಮೊದಲೇ ವೇಗ ಇಳಿಸಿ, ಜೊತೆಯವರೊಡನೆ ಸಾಮಾನ್ಯ ದನಿಯಲ್ಲಿ ಮಾತಾಡುತ್ತ ಹೋಗಿ. ಮೇಯುತ್ತಿದ್ದ ಪ್ರಾಣಿ ತಲೆಯೆತ್ತಿ ನಿಮ್ಮತ್ತ ನೋಡಿತೆಂದರೆ ಆಗಲೇ ಸಾಕಷ್ಟು ಹತ್ತಿರ ಬಂದಿದ್ದೀರಿ. ಅಲ್ಲೇ ನಿಂತು, ಅದು ದಾರಿ ಬಿಡುವವರೆಗೆ ಕಾಯಿರಿ. ತಾಯಿ ಮತ್ತು ಮರಿಯ ನಡುವೆ ಎಂದಿಗೂ ನುಗ್ಗಬೇಡಿ. ನಸುಕು ಮತ್ತು ಮುಸ್ಸಂಜೆ ಅನೇಕ ಪ್ರಾಣಿಗಳು ಓಡಾಡುವ ಹೊತ್ತು, ಕತ್ತಲಿಗೆ ಮುಂಚೆ ಹೊರಗಿರಿ.

ಇನ್ನೊಂದು ಕಾರಣ ಕಣ್ಣಿಗೆ ಬೀಳುವುದೇ ಇಲ್ಲ. ಟಯರಿನ ಕಚ್ಚುಗಳಲ್ಲಿ ಮೆತ್ತಿದ ಮಣ್ಣಿನ ಜೊತೆ ಹೊಲದಂಚಿನ ಕಳೆಬೀಜ ಕಾಡಿಗೆ ಹೋಗುತ್ತದೆ. ಒಳಗೆ ಕಾಲಿಡುವ ಮೊದಲು ಟಯರು, ಮಡ್‌ಗಾರ್ಡಿನ ಒಳಮೈ, ಬೂಟಿನ ತಳ ಇಷ್ಟನ್ನು ಬ್ರಷ್ಷಿನಿಂದ ಕೊಡವಿ, ಎರಡು ನಿಮಿಷದ ಕೆಲಸ. ಒಳಗೆ ಗುರುತಿಸಿದ ದಾರಿ ಬಿಡಬೇಡಿ. ಕೆಸರಿನ ಹೊಂಡ ತಪ್ಪಿಸಲೆಂದು ಬದಿಯ ಹುಲ್ಲಿನ ಮೇಲೆ ಹತ್ತಿಸಿದರೆ ಒಬ್ಬರ ಹಿಂದೊಬ್ಬರು ಹತ್ತಿಸಿ ದಾರಿ ಅಗಲವಾಗುತ್ತಲೇ ಹೋಗುತ್ತದೆ. ಇಳಿದು ನಡುವಿನಲ್ಲೇ ತಳ್ಳಿ. ಇಳಿಜಾರಿನಲ್ಲಿ ಹಿಂದಿನ ಚಕ್ರ ಕಟ್ಟಿಹೋಗುವಂತೆ ಬ್ರೇಕ್ ಹಿಡಿದರೆ ಮಣ್ಣು ಗೀರಿ ಕಾಲುವೆಯಾಗುತ್ತದೆ, ಮುಂದಿನ ಮಳೆಗೆ ಅದೇ ಕೊರಕಲು. ಅನುಮತಿ, ಸಮಯ, ಸೈಕಲ್ ಬಿಡುವ ದಾರಿಗಳು ಇವನ್ನು ಹೊರಡುವ ಮೊದಲೇ ವಿಚಾರಿಸಿ.

ಪ್ರಶ್ನೆ: ಎಷ್ಟು ನೀರು ಒಯ್ಯಬೇಕು? ಬೆನ್ನಿಗೆ ಚೀಲ ಹಾಕಿಕೊಳ್ಳಬಹುದೆ?

ಉತ್ತರ: ಸವಾರಿಯ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಬೆನ್ನಿನ ಚೀಲದ ಭಾರ ಕೂರುವ ಮೂಳೆ, ಅಂಗೈ ಎರಡಕ್ಕೂ ಬೀಳುತ್ತದೆ, ಬೆನ್ನೂ ಬೆವರುತ್ತದೆ. ಕ್ಯಾರಿಯರಿನ ಎರಡೂ ಬದಿಗೆ ಸಮತೂಕದ ಚೀಲ ನೇತುಹಾಕಿ, ಭಾರವಾದದ್ದನ್ನು ತಳಕ್ಕೆ ಹಾಕಿ. ತೂಗುವ ಪಟ್ಟಿಗಳನ್ನು ಕಟ್ಟದಿದ್ದರೆ ಕಡ್ಡಿಗೆ ಸುತ್ತಿಕೊಳ್ಳುತ್ತವೆ.

ಪ್ರಶ್ನೆ: ಮಳೆಯಲ್ಲಿ ಹೋಗಿಬಂದ ಮೇಲೆ ಚೈನ್ ಕಿರುಗುಟ್ಟುತ್ತದೆ. ಎಣ್ಣೆ ಹಾಕಿದರೂ ಏರಿನಲ್ಲಿ ಜಾರುತ್ತದೆ.

ಉತ್ತರ: ಇವು ಎರಡು ಬೇರೆ ಬೇರೆ ದೋಷ. ಕಿರುಗುಟ್ಟುವುದಕ್ಕೆ ಚೈನನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಒಂದೊಂದು ರೋಲರಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ತಿರುಗಿಸಿ, ಹೊರಗಿನದನ್ನು ಪೂರ್ತಿ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆ ಮಣ್ಣು ಹಿಡಿದು ಅರದಂತೆ ಕೆಲಸ ಮಾಡುತ್ತದೆ.

ಜಾರುವುದಕ್ಕೆ ಚೈನ್ ಅಳೆಯಿರಿ. ಪೆಡಲ್ ಮೇಲೆ ತುಸು ಒತ್ತಿ ಚೈನ್ ಬಿಗಿಯಾಗಿರುವಾಗ, ಅದರ ಕೊಂಡಿಗಳನ್ನು ಬೆಸೆಯುವ ಒಂದು ಪಿನ್ನಿನ ನಡುವಿನಿಂದ 24ನೆಯ ಪಿನ್ನಿನ ನಡುವಿಗೆ ಸ್ಕೇಲ್ ಹಿಡಿಯಿರಿ. ಮೊದಲ ಪಿನ್ನನ್ನು ಸೊನ್ನೆ ಎಂದು ಎಣಿಸಬೇಕು. ಹೊಸ ಚೈನಿನಲ್ಲಿ ಇದು 304.8 ಮಿ.ಮೀ., ಅಂದರೆ ಸರಿಯಾಗಿ 12 ಇಂಚು. 306.5 ದಾಟಿದ್ದರೆ ಚೈನ್ ಬದಲಿಸಿ. 308 ತಲುಪಿದ್ದರೆ ಹಿಂದಿನ ಹಲ್ಲುಗಳೂ ಸವೆದಿರುವ ಸಂಭವ ಹೆಚ್ಚು, ಆಗ ಹೊಸ ಚೈನ್ ಮಾತ್ರ ಹಾಕಿದರೆ ಇನ್ನೂ ಹೆಚ್ಚು ಜಾರುತ್ತದೆ.

ಅಳತೆ ಸರಿಯಿದ್ದೂ ಜಾರಿದರೆ, ಇತ್ತೀಚೆಗೆ ಸೈಕಲ್ ಬಲಬದಿಗೆ ಬಿದ್ದಿತ್ತೇ ಎಂದು ಯೋಚಿಸಿ. ಹಿಂದೆ ಕೂತು ನೋಡಿದಾಗ ಡಿರೈಲರಿನ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎರಡು ಪುಟ್ಟ ಚಕ್ರಗಳು ಒಂದರ ಕೆಳಗೊಂದು ನೆಟ್ಟಗಿರಬೇಕು. ಕೆಳಗಿನದು ಕಡ್ಡಿಗಳ ಕಡೆಗೆ ವಾಲಿದ್ದರೆ ಅದನ್ನು ಹಿಡಿದಿರುವ ಕೊಂಡಿ ಬಾಗಿದೆ. ಅದನ್ನು ಸರಿಮಾಡಿಸುವವರೆಗೆ ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಚೈನ್ ಏರಿಸಬೇಡಿ. ಡಿರೈಲರ್ ಕಡ್ಡಿಗಳಿಗೆ ಸಿಕ್ಕಿದರೆ ಚಕ್ರ, ಡಿರೈಲರ್ ಎರಡೂ ಒಟ್ಟಿಗೆ ಹಾಳಾಗುತ್ತವೆ.